ಸೈಕಲ್ ತುಳಿಯುವ ಮಕ್ಕಳ ಕೈಗೆ ಸಾದಾ ಡಿಜಿಟಲ್ ವಾಚ್ ಕೊಡಿಸಿ

ಮಾನ್ಯ ಸಂಪಾದಕರೇ,

ಸೈಕಲ್ ತರಬೇತಿಗೆ ಸೇರಿರುವ ಮಗನಿಗೆ ಕಡಿಮೆ ಬೆಲೆಯ, ಬಾಳಿಕೆ ಬರುವ ವಾಚ್ ಯಾವುದು ಎಂದು ಓದುಗರೊಬ್ಬರು ನಿಮ್ಮ ಪತ್ರಿಕೆಯಲ್ಲಿ ಕೇಳಿದ್ದರು. ಅವರಿಗೆ ಸಿಕ್ಕ ಉತ್ತರದಲ್ಲಿ ಇದ್ದದ್ದೆಲ್ಲ ಸ್ಮಾರ್ಟ್‌ವಾಚುಗಳೇ. ಓದಿ ಸುಮ್ನೆ ಕೂರಲು ಆಗಲಿಲ್ಲ. ಹಾಗಾಗಿ ಈ ಪತ್ರ.

ನಾನು ಜಮಖಂಡಿ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕಿ. ಬೆಳಗ್ಗೆ ಶಾಲೆ ಶುರುವಾಗುವ ಮೊದಲು ಮಕ್ಕಳಿಗೆ ಸೈಕ್ಲಿಂಗ್ ಹೇಳಿಕೊಡುತ್ತೇನೆ. ನಮ್ಮ ಬಾಗಲಕೋಟೆ, ವಿಜಯಪುರ ಕಡೆ ಸೈಕಲ್ ರೇಸ್ ಅಂದರೆ ಜನರಿಗೆ ಎಷ್ಟು ಪ್ರೀತಿ ಎಂಬುದು ನಿಮ್ಮ ಓದುಗರಿಗೆ ಗೊತ್ತೇ ಇದೆ. ಜಾತ್ರೆ ಬಂದರೆ ಕುಸ್ತಿ ಇದ್ದ ಹಾಗೆ ಸೈಕಲ್ ಸ್ಪರ್ಧೆಯೂ ಇರುತ್ತದೆ. ಆದರೆ ನನ್ನ ಹತ್ತಿರ ಬರುವ ಮಕ್ಕಳಲ್ಲಿ ಹೆಚ್ಚಿನವರು ಕಬ್ಬು ಕಡಿಯುವವರ, ನೇಕಾರರ ಮನೆಯವರು. ಅವರ ಮನೆಯಲ್ಲಿ ವಾಚಿಗೆ ಅಂತ ಒಂದೂವರೆ ಸಾವಿರ ರೂಪಾಯಿ ತೆಗೆದಿಡುವುದು ದೊಡ್ಡ ಮಾತು. ಆ ದುಡ್ಡು ಆರು ತಿಂಗಳಲ್ಲಿ ಹಾಳಾಗಬಾರದು.

ಸೈಕಲ್ ತುಳಿಯುವವರಿಗೆ ವಾಚ್ ಯಾಕೆ ಬೇಕು ಅನ್ನುವುದನ್ನು ಮೊದಲು ಹೇಳಬೇಕು. ಅದು ಗೊತ್ತಾದರೆ ಎಂಥದ್ದು ಬೇಕು ಅನ್ನುವುದು ತಾನಾಗಿಯೇ ಗೊತ್ತಾಗುತ್ತದೆ.

ನಮ್ಮ ರಸ್ತೆಗಳಲ್ಲಿ ಕಿಲೋಮೀಟರ್ ಕಲ್ಲುಗಳಿವೆ ಅಲ್ವಾ? ರಾಷ್ಟ್ರೀಯ ಹೆದ್ದಾರಿಯದಾದರೆ ತಲೆ ಹಳದಿ, ರಾಜ್ಯ ಹೆದ್ದಾರಿಯದಾದರೆ ಹಸಿರು. ಒಂದು ಕಲ್ಲು ದಾಟುವಾಗ ಸ್ಟಾಪ್‌ವಾಚ್ ಒತ್ತಿ, ಮುಂದಿನ ಕಲ್ಲಿಗೆ ನಿಲ್ಲಿಸಿ. ಎಷ್ಟು ಸೆಕೆಂಡ್ ಬಂತೋ ಅದರಿಂದ 3600 ಅನ್ನು ಭಾಗಿಸಿ. ಅದೇ ನಿಮ್ಮ ವೇಗ. 180 ಸೆಕೆಂಡ್ ಆದರೆ ಗಂಟೆಗೆ 20 ಕಿಲೋಮೀಟರ್. 144 ಆದರೆ 25. 120 ಆದರೆ 30. ನೂರು ಸೆಕೆಂಡಿನಲ್ಲಿ ದಾಟಿದರೆ 36. ಎಂಟನೇ ತರಗತಿಯ ಮಕ್ಕಳು ಇದನ್ನು ತುಳಿಯುತ್ತಲೇ ಬಾಯಲ್ಲಿ ಲೆಕ್ಕ ಹಾಕುತ್ತಾರೆ. ಗಣಿತದ ಮಾಸ್ತರರಿಗೂ ಖುಷಿ.

ದೊಡ್ಡ ಕಲ್ಲುಗಳ ನಡುವೆ 200 ಮೀಟರಿಗೊಂದರಂತೆ ಚಿಕ್ಕ ಕಲ್ಲುಗಳೂ ಇರುತ್ತವೆ, 2, 4, 6, 8 ಎಂದು ಬರೆದವು. ಎಷ್ಟೋ ಕಡೆ ಹುಲ್ಲಿನಲ್ಲಿ ಮುಚ್ಚಿಹೋಗಿವೆ, ಹುಡುಕಬೇಕು. ಟ್ರ್ಯಾಕ್ ಸೈಕ್ಲಿಂಗಿನ ಸ್ಪ್ರಿಂಟ್‌ನಲ್ಲಿ ಅರ್ಹತಾ ಸುತ್ತು ಇರುವುದೇ 200 ಮೀಟರಿಗೆ. ಮೊದಲೇ ವೇಗ ಹಿಡಿದು ಬಂದು ಆ 200 ಮೀಟರನ್ನು ಎಷ್ಟು ಹೊತ್ತಿನಲ್ಲಿ ದಾಟುತ್ತೀರಿ ಅನ್ನುವುದೇ ಲೆಕ್ಕ. ಕಬ್ಬಿನ ಟ್ರ್ಯಾಕ್ಟರ್‌ಗಳು ಇನ್ನೂ ರಸ್ತೆಗೆ ಇಳಿಯದ ಹೊತ್ತಿನಲ್ಲಿ ನಮ್ಮ ಹುಡುಗಿಯರು ಎರಡು ಚಿಕ್ಕ ಕಲ್ಲುಗಳ ನಡುವೆ ಅದನ್ನೇ ಅಭ್ಯಾಸ ಮಾಡುತ್ತಾರೆ. 20 ಸೆಕೆಂಡಿನಲ್ಲಿ ದಾಟಿದರೆ ಗಂಟೆಗೆ 36 ಕಿಲೋಮೀಟರ್. 15ಕ್ಕೆ ಇಳಿಸಿದರೆ 48. ಆ ಐದು ಸೆಕೆಂಡ್ ಇಳಿಸಲು ಒಂದು ಇಡೀ ವರ್ಷ ಬೇಕಾಗುತ್ತದೆ. ಹಾಗೆ ಇಳಿಯುತ್ತಾ ಬಂದದ್ದನ್ನು ಮಗುವೇ ತನ್ನ ವಾಚಿನಲ್ಲಿ ನೋಡಬೇಕು. ನಾನು ದೂರದಲ್ಲಿ ನಿಂತು ಕೂಗಿ ಹೇಳಿದರೆ ಅದು ಆಗುವುದಿಲ್ಲ.

ಪೆಡಲ್ ಎಷ್ಟು ಸುತ್ತು ಹೊಡೆಯುತ್ತಿದೆ ಅನ್ನುವುದಕ್ಕೂ ವಾಚ್ ಸಾಕು. ಬಲಮೊಣಕಾಲು ಮೇಲೆ ಬರುವುದನ್ನು 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಬೇಕು. ನಾಡಿ ಎಣಿಸಲೂ ಅದೇ ವಾಚ್ ಸಾಕು. ಬೆಳಗ್ಗೆ ಎದ್ದ ಕೂಡಲೇ, ಹಾಸಿಗೆ ಬಿಡುವ ಮೊದಲು ಒಂದು ನಿಮಿಷ ನಾಡಿ ಎಣಿಸಿ ಬರೆದಿಡಿ ಎಂದು ನಾನು ಮಕ್ಕಳಿಗೆ ಹೇಳುತ್ತೇನೆ. ದಿನಾ ಇರುವುದಕ್ಕಿಂತ ಚೆನ್ನಾಗಿ ಏರಿದ್ದರೆ ಆ ದಿನ ಜೋರಾಗಿ ತುಳಿಸುವುದಿಲ್ಲ.

ಇಷ್ಟಕ್ಕೆಲ್ಲ ಬೇಕಾದದ್ದು ಸರಿಯಾದ ಟೈಮ್, ಒಂದು ಸ್ಟಾಪ್‌ವಾಚ್, ಕತ್ತಲಲ್ಲಿ ನೋಡಲು ಒಂದು ಲೈಟ್. ಅಷ್ಟೇ.

ಸಾವಿರ, ಒಂದೂವರೆ ಸಾವಿರಕ್ಕೆ ಸಿಗುವ ಸ್ಮಾರ್ಟ್‌ವಾಚು ಈ ಕೆಲಸದಲ್ಲೇ ಕೈಕೊಡುತ್ತದೆ. ನನ್ನ ಹತ್ತಿರ ಬರುವ ಹುಡುಗಿಯೊಬ್ಬಳಿಗೆ ಅವಳ ಅಪ್ಪ ಹಬ್ಬಕ್ಕೆ ಅಂಥದ್ದೊಂದು ಕೊಡಿಸಿದ್ದರು. ಏಪ್ರಿಲ್ ತಿಂಗಳು. ಬೆಳಗ್ಗೆ ಎಂಟಕ್ಕೇ ಮೈಯೆಲ್ಲ ಬೆವರು. ಆ ಬೆವರಿನ ಹನಿ ಗಾಜಿನ ಮೇಲೆ ಬಿದ್ದಾಗ ಅದನ್ನೇ ಬೆರಳು ಅಂದುಕೊಂಡು ವಾಚು ತನ್ನಷ್ಟಕ್ಕೆ ಪುಟ ಬದಲಿಸುತ್ತಿತ್ತು. "ಟೀಚರ್, ಇದು ತಾನ ಬದಲಾಗಾಕತ್ತೈತ್ರಿ" ಅಂತ ಅವಳು ತುಳಿಯುತ್ತಲೇ ಕೂಗಿದಳು. ಅವಳು ಒತ್ತಿದಾಗ ಮಾತ್ರ ಒದ್ದೆ ಬೆರಳಿಗೆ ಅದು ಜಗ್ಗಲಿಲ್ಲ. ಬಿಸಿಲಿಗೆ ಅಕ್ಷರವೂ ಕಾಣುತ್ತಿರಲಿಲ್ಲ. ಜೂನ್‌ನಲ್ಲಿ ಮೊದಲ ಮಳೆಗೆ ನೆನೆದಳು, ವಾಚು ಸತ್ತೇಹೋಯಿತು. ಅಪ್ಪ ಅಂಗಡಿಗೆ ಹೋದರೆ, ನೀರು ಹೋಗಿದೆ, ಅದಕ್ಕೆ ಗ್ಯಾರಂಟಿ ಬರುವುದಿಲ್ಲ ಎಂದರು. "ವಾಟರ್‌ಪ್ರೂಫ್ ಐತಿ ಅಂತ ಅವರೇ ಹೇಳಿದ್ದರಲ್ರೀ" ಎಂದು ಅವರು ನನ್ನೆದುರು ನಿಂತು ಹೇಳಿದಾಗ ನನಗೆ ಬಹಳ ಬೇಜಾರಾಯಿತು. ಅದು ಅವರ ಎಷ್ಟು ದಿನದ ಕೂಲಿ!

ನಾಡಿ ತೋರಿಸುತ್ತದೆ ಅನ್ನುವುದನ್ನೂ ಕಡಿಮೆ ಬೆಲೆಯವುಗಳಲ್ಲಿ ನಂಬಬೇಡಿ. ಅವು ಚರ್ಮಕ್ಕೆ ಬೆಳಕು ಬಿಟ್ಟು ರಕ್ತದ ಓಟ ನೋಡುತ್ತವೆ. ಹ್ಯಾಂಡಲ್ ಬಿಗಿಯಾಗಿ ಹಿಡಿದು, ಗುಂಡಿ ರಸ್ತೆಯಲ್ಲಿ ಕೈ ಅದುರುತ್ತಿರುವಾಗ ಆ ಲೆಕ್ಕ ಎತ್ತೆತ್ತಲೋ ಹೋಗುತ್ತದೆ. ಎದೆಗೆ ಕಟ್ಟುವ ಪಟ್ಟಿ ಅದಕ್ಕಿಂತ ಎಷ್ಟೋ ವಾಸಿ, ಆದರೆ ಅದರ ಬೆಲೆಯೇ ಬೇರೆ. ಜಿಪಿಎಸ್ ಇರುವ ಗಾರ್ಮಿನ್‌ನಂಥ ಕಂಪನಿಗಳ ವಾಚುಗಳ ಬಗ್ಗೆ ನನಗೆ ತಕರಾರಿಲ್ಲ. ರಾಜ್ಯ, ರಾಷ್ಟ್ರ ಮಟ್ಟಕ್ಕೆ ಹೋದ ಮೇಲೆ ಅವು ಬೇಕಾಗಬಹುದು. ಹತ್ತಾರು ಸಾವಿರದ ಆ ಮಾತು ಇಲ್ಲಿ ಬೇಡ.

ಇನ್ನು ಕೆಲವು ಮನೆಗಳಲ್ಲಿ ಅಜ್ಜನ ಎಚ್‌ಎಂಟಿ ವಾಚ್ ಮಗುವಿನ ಕೈಗೆ ಬರುತ್ತದೆ. ಬೆಂಗಳೂರಿನಲ್ಲಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಶುರುವಾದ ಕಾರ್ಖಾನೆ ಅದು. ಅಲ್ಲಿ ತಯಾರಾದ ವಾಚ್ ಇಂದಿಗೂ ನಡೆಯುತ್ತಿದ್ದರೆ ಅದಕ್ಕೆ ನನ್ನ ನಮಸ್ಕಾರ. ನಮ್ಮ ತಂದೆಯವರ ಜನತಾ ಎಂಬ ಎಚ್‌ಎಂಟಿ ವಾಚ್ ಇನ್ನೂ ನಮ್ಮ ಮನೆಯಲ್ಲಿ ಓಡುತ್ತಿದೆ. ಆದರೆ ದಯವಿಟ್ಟು ಅದನ್ನು ಸೈಕಲ್ ಮೇಲೆ ಹಾಕಿ ಕಳಿಸಬೇಡಿ. ಕೀ ಕೊಡುವ ವಾಚಿನೊಳಗೆ ಒಂದು ಪುಟ್ಟ ಚಕ್ರ ಕೂದಲೆಳೆಯಷ್ಟು ಸಣ್ಣ ಮೊನೆಗಳ ಮೇಲೆ ನಿಂತು ಆ ಕಡೆ ಈ ಕಡೆ ತೂಗುತ್ತಿರುತ್ತದೆ. ಕೈ ನೆಲಕ್ಕೆ ಬಡಿದರೆ ಮೊದಲು ಪೆಟ್ಟು ಬೀಳುವುದು ಅದಕ್ಕೆ. ಹಳೆಯದಾದ್ದರಿಂದ ನೀರೂ ಬೆವರೂ ತಡೆಯುವುದಿಲ್ಲ. ಎಚ್‌ಎಂಟಿಯ ವಾಚ್ ಕಂಪನಿ 2016ರಲ್ಲಿ ಮುಚ್ಚಿತು. ಹೋದ ವಾಚ್ ಮತ್ತೆ ಬರುವುದಿಲ್ಲ. ಮನೆಯಲ್ಲೇ ಇರಲಿ, ಮದುವೆ ಮುಂಜಿಗೆ ಹಾಕಿಕೊಳ್ಳಲಿ.

ಡಿಜಿಟಲ್ ವಾಚಿನಲ್ಲಿ ಅಲ್ಲಾಡುವ ಮುಳ್ಳೇ ಇಲ್ಲ. ಒಳಗೆ ಒಂದು ಚಿಕ್ಕ ಸ್ಫಟಿಕ ಸೆಕೆಂಡಿಗೆ 32,768 ಸಲ ಅದುರುತ್ತದೆ, ಅದನ್ನು ಎಣಿಸಿ ಟೈಮ್ ತೋರಿಸುತ್ತದೆ. ರಸ್ತೆಯ ಕುಲುಕಾಟ ಅದಕ್ಕೆ ಲೆಕ್ಕಕ್ಕಿಲ್ಲ.

ನನ್ನ ಮಕ್ಕಳ ಕೈಯಲ್ಲಿ ಜಾಸ್ತಿ ಇರುವುದು ಕ್ಯಾಸಿಯೋ ಕಂಪನಿಯ ಎರಡು ವಾಚುಗಳು. ಒಂದು ಎಫ್-91ಡಬ್ಲ್ಯೂ. 1989ರಲ್ಲಿ ಬಂದದ್ದು, ಇವತ್ತಿಗೂ ಅದೇ ರೂಪದಲ್ಲಿ ಬರುತ್ತಿದೆ. ತೂಕ 21 ಗ್ರಾಂ ಅಷ್ಟೇ. ಹದಿಮೂರು ವರ್ಷದ ಹುಡುಗಿಯ ಸಣ್ಣ ಕೈಗೆ ಕಟ್ಟಿದರೂ ಒಪ್ಪುತ್ತದೆ, ಮಣಿಕಟ್ಟು ಹಿಂದಕ್ಕೆ ಬಾಗಿದಾಗ ಒತ್ತುವುದಿಲ್ಲ. ಸೆಲ್ ಸುಮಾರು ಏಳು ವರ್ಷ ಬರುತ್ತದೆ ಎಂದು ಕಂಪನಿಯೇ ಹೇಳುತ್ತದೆ. ಇನ್ನೊಂದು ಡಬ್ಲ್ಯೂ-800ಎಚ್. ಸ್ವಲ್ಪ ದಪ್ಪ, ಸ್ವಲ್ಪ ದುಬಾರಿ. ಅದರ ಸೆಲ್ ಹತ್ತು ವರ್ಷದ್ದು, ನೀರಿಗೆ 100 ಮೀಟರ್ ಎಂದು ಬರೆದಿರುತ್ತದೆ. ಎರಡು ವಾಚುಗಳೂ ತಿಂಗಳಿಗೆ ಮೂವತ್ತು ಸೆಕೆಂಡ್ ಹಿಂದೆ ಮುಂದೆ ಆಗಬಹುದು ಅನ್ನುತ್ತಾರೆ. ಆಗಾಗ ಸರಿ ಮಾಡಿಕೊಂಡರಾಯಿತು.

ಎರಡರಲ್ಲಿ ಒಂದು ವ್ಯತ್ಯಾಸ ಸೈಕಲ್ ತುಳಿಯುವವರಿಗೆ ಬಹಳ ಮುಖ್ಯ, ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಎಫ್-91ಡಬ್ಲ್ಯೂನ ಸ್ಟಾಪ್‌ವಾಚ್ ಒಂದು ಗಂಟೆಗೆ ಮುಗಿಯುತ್ತದೆ. 59 ನಿಮಿಷ 59 ಸೆಕೆಂಡ್ ಆದ ಮೇಲೆ ಮತ್ತೆ ಸೊನ್ನೆಯಿಂದ ಶುರು. ಕಲ್ಲಿನಿಂದ ಕಲ್ಲಿಗೆ ಟೈಮ್ ಹಿಡಿಯಲು ಅದು ಧಾರಾಳ ಸಾಕು. ಆದರೆ ಹುಡುಗ ಭಾನುವಾರ ಮೂರು ತಾಸು ದೂರ ತುಳಿಯುವವನಾದರೆ, ಹೊರಟ ಟೈಮ್ ನೆನಪಿಟ್ಟುಕೊಳ್ಳಬೇಕಾಗುತ್ತದೆ. ಡಬ್ಲ್ಯೂ-800ಎಚ್‌ನದು 24 ಗಂಟೆಯವರೆಗೂ ಎಣಿಸುತ್ತದೆ. ಹಾಗಾಗಿ ಎಂಟು, ಒಂಬತ್ತನೇ ತರಗತಿಯವರಿಗೆ ಮೊದಲನೆಯದು, ದೂರದ ರಸ್ತೆ ರೇಸಿಗೆ ತಯಾರಾಗುವವರಿಗೆ ಎರಡನೆಯದು ಎಂದು ನಾನು ಹೇಳುತ್ತೇನೆ. ಅದೇ ಕಂಪನಿ ಆಗಬೇಕು ಅಂತೇನಿಲ್ಲ. ಸೊನಾಟಾ, ಟೈಮೆಕ್ಸ್ ಯಾವುದೇ ಇರಲಿ, ಸ್ಟಾಪ್‌ವಾಚ್ ಎಷ್ಟು ಹೊತ್ತು ಎಣಿಸುತ್ತದೆ, ನೀರಿಗೆ ಎಷ್ಟು, ಸೆಲ್ ಎಷ್ಟು ವರ್ಷ ಅನ್ನುವ ಮೂರು ಪ್ರಶ್ನೆ ಕೇಳಿ ತೆಗೆದುಕೊಳ್ಳಿ.

ಏಟು ಬಿದ್ದರೂ ಜಗ್ಗದ ವಾಚ್ ಅಂದರೆ ಕ್ಯಾಸಿಯೋದ್ದೇ ಜಿ-ಶಾಕ್ ಎಂದು ಕೆಲವರು ಹೇಳುತ್ತಾರೆ. ನಿಜ. ಹತ್ತು ಮೀಟರ್ ಎತ್ತರದಿಂದ ಬಿದ್ದರೂ ಒಡೆಯಬಾರದು ಅನ್ನುವ ಹಟದಿಂದಲೇ ಮಾಡಿ 1983ರಲ್ಲಿ ತಂದದ್ದು ಅದು. ಆದರೆ ಬೆಲೆ ಹಲವು ಪಟ್ಟು, ಬಹುತೇಕ ಮಾದರಿಗಳು ಮಕ್ಕಳ ಕೈಗೆ ತೀರಾ ದೊಡ್ಡವು. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಂಕಿ ಇರುವ ವಾಚನ್ನಂತೂ ಯಾವ ಕಂಪನಿಯದಾದರೂ ತೆಗೆದುಕೊಳ್ಳಬೇಡಿ. ನೋಡಲು ಚಂದ, ತುಳಿಯುವಾಗ ಒಂದು ಕ್ಷಣ ಕಣ್ಣು ಹಾಯಿಸಿದರೆ ಅಂಕಿ ಸಿಗುವುದಿಲ್ಲ. ತಿಳಿ ಹಿನ್ನೆಲೆ, ಕಪ್ಪು ಅಂಕಿ ಇದ್ದರೆ ಬಿಸಿಲು ಹೆಚ್ಚಿದಷ್ಟೂ ಸ್ಪಷ್ಟವಾಗಿ ಕಾಣುತ್ತದೆ.

ನಕಲಿ ಮಾಲಿನ ಹಾವಳಿಯೂ ಇದೆ. ಸಂತೆಯಲ್ಲಿ ಇನ್ನೂರಕ್ಕೆ ಸಿಗುವ ಎಫ್-91ಡಬ್ಲ್ಯೂ ಅಸಲಿ ಅಲ್ಲ. ಅಸಲಿಯಲ್ಲಿ ಬಲಗಡೆಯ ಗುಂಡಿಯನ್ನು ಮೂರು ಸೆಕೆಂಡ್ ಒತ್ತಿಹಿಡಿದರೆ ಕಂಪನಿಯ ಹೆಸರು ತೆರೆಯ ಮೇಲೆ ಮೂಡುತ್ತದೆ. ಈಗ ಕೆಲವು ನಕಲಿಗಳೂ ಅದನ್ನು ತೋರಿಸುತ್ತವೆ. ಬಿಲ್ ಕೊಡುವ ಅಂಗಡಿಯಲ್ಲೇ ಕೊಳ್ಳುವುದು ಒಳ್ಳೆಯದು.

ನೀರಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಮೋಸ ಹೋಗುವುದು ಇಲ್ಲೇ ಜಾಸ್ತಿ. ವಾಚಿನ ಮೇಲೆ 30 ಮೀಟರ್ ಎಂದು ಬರೆದಿದ್ದರೆ ಮೂವತ್ತು ಮೀಟರ್ ಆಳಕ್ಕೆ ಇಳಿಯಬಹುದು ಎಂದಲ್ಲ. ಅಲುಗಾಡದೆ ಇರುವ ಒತ್ತಡದಲ್ಲಿ ಅದನ್ನು ಪರೀಕ್ಷೆ ಮಾಡಿರುತ್ತಾರೆ. ಕೈ ತೊಳೆಯುವುದು, ಮಳೆಯ ಹನಿ, ಬೆವರು, ಇಷ್ಟಕ್ಕೆ ಅದು ಸರಿ. ಎಫ್-91ಡಬ್ಲ್ಯೂ ಮೇಲೆ ಎಷ್ಟು ಮೀಟರ್ ಅನ್ನುವ ಅಂಕಿಯೇ ಇಲ್ಲ, ನೀರು ತಡೆಯುತ್ತದೆ ಎಂದಷ್ಟೇ ಇದೆ. ಮಳೆಯಲ್ಲಿ ತುಳಿದು ಬಂದರೆ ಏನೂ ಆಗುವುದಿಲ್ಲ, ಆದರೆ ಹಾಕಿಕೊಂಡೇ ಕೃಷ್ಣಾ ಹೊಳೆಗೆ ಈಜಲು ಹೋಗಬೇಡಿ. ಪೈಪ್ ಹಿಡಿದು ಸೈಕಲ್ ತೊಳೆಯುವಾಗ ಬಿಚ್ಚಿಡಿ. ಒದ್ದೆ ಇರುವಾಗ ಗುಂಡಿ ಒತ್ತಬೇಡಿ, ನೀರು ಅಲ್ಲಿಂದಲೇ ಒಳಗೆ ಹೋಗುತ್ತದೆ. 100 ಮೀಟರ್ ಎಂದಿದ್ದರೆ ಈಜಲೂ ಆಗುತ್ತದೆ.

ಇಷ್ಟೆಲ್ಲ ಜೋಪಾನ ಮಾಡಿದ ವಾಚ್ ಕೊನೆಗೆ ಹಾಳಾಗುವುದು ಸೆಲ್ ಬದಲಿಸುವಾಗ. ಹಿಂಬದಿಯ ಮುಚ್ಚಳಕ್ಕೆ ನಾಲ್ಕು ಮೂಲೆಯಲ್ಲಿ ನಾಲ್ಕು ಪುಟ್ಟ ಸ್ಕ್ರೂ ಇರುತ್ತವೆ. ಅದನ್ನು ತೆಗೆದರೆ ಮುಚ್ಚಳದ ಅಂಚಿಗೆ ದಾರದಷ್ಟು ತೆಳ್ಳಗಿನ ಒಂದು ರಬ್ಬರ್ ರಿಂಗ್ ಕಾಣುತ್ತದೆ. ಹಿಂಬದಿಯಿಂದ ನೀರು ಹೋಗದಂತೆ ತಡೆಯುವುದು ಅದೇ. ಅವಸರದಲ್ಲಿ ಅದು ಅಂಚಿನಿಂದ ಜಾರಿ ಮುಚ್ಚಳದಡಿ ಸಿಕ್ಕಿಕೊಂಡರೆ, ಒಂದು ಕೂದಲು ಅದರ ಮೇಲೆ ಕೂತರೆ, ಮುಂದಿನ ಮಳೆಗೆ ನೀರು ಒಳಗೆ. ಸೆಲ್ ಹಾಕಿಸುವಾಗ ಎದುರಿಗೇ ನಿಂತು ನೋಡಿ. ರಿಂಗ್ ತನಗಾಗಿ ಇರುವ ಸಣ್ಣ ತೋಡಿನಲ್ಲಿ ಸುತ್ತಲೂ ಸರಿಯಾಗಿ ಕೂತಿದೆಯಾ ಎಂದು ಕೇಳಿ. ಸಿಲಿಕೋನ್ ಗ್ರೀಸ್ ಇದ್ದರೆ ಒಂದು ಚೂರು ಸವರಲು ಹೇಳಿ. ಸ್ಕ್ರೂಗಳನ್ನು ಒಂದಾದ ಮೇಲೆ ಅದರ ಪಕ್ಕದ್ದಲ್ಲ, ಎದುರು ಮೂಲೆಯದನ್ನು ಬಿಗಿಯಬೇಕು. ಆಗ ಮುಚ್ಚಳ ಓರೆಯಾಗುವುದಿಲ್ಲ. ಬೆಳಗ್ಗೆ ತಂಪಿಗೆ ಹೊರಬಂದಾಗ ಗಾಜಿನ ಒಳಗಡೆ ಮಂಜು ಕಟ್ಟಿದ್ದು ಕಂಡರೆ ತೇವ ಸೇರಿದೆ ಎಂದು ಅರ್ಥ. ಅವತ್ತೇ ಬಿಚ್ಚಿಸಿ ಒಣಗಿಸಿದರೆ ಉಳಿಯುತ್ತದೆ.

ಬೆಲ್ಟಿಗೆ ಬರುತ್ತೇನೆ. ವಾಚ್ ಗಟ್ಟಿಯಾಗಿಯೇ ಇರುತ್ತದೆ, ಸೋಲುವುದು ಬೆಲ್ಟ್. ರಬ್ಬರಿನಂತೆ ಕಾಣುವ ಆ ಬೆಲ್ಟ್ ಬೆವರಿಗೂ ಬಿಸಿಲಿಗೂ ನಿಧಾನಕ್ಕೆ ಪೆಡಸಾಗಿ, ದಿನಾ ಹಾಕುವ ತೂತಿನ ಹತ್ತಿರ ಸೀಳುತ್ತದೆ. ವಾರಕ್ಕೊಮ್ಮೆ ನಲ್ಲಿ ನೀರಲ್ಲಿ ತೊಳೆದು ಒರೆಸಿದರೆ ಹೆಚ್ಚು ದಿನ ಬರುತ್ತದೆ, ಕೈಗೆ ಗುಳ್ಳೆಯೂ ಏಳುವುದಿಲ್ಲ. ತುಳಿಯುವಾಗ ಒಂದು ತೂತು ಸಡಿಲ ಇರಲಿ. ಸ್ಟೀಲ್ ಚೈನ್ ಬೇಡವೇ ಬೇಡ, ಬಿದ್ದಾಗ ಕೈಗೆ ಗಾಯ ಮಾಡುತ್ತದೆ. ಗಾಜಿನ ಬಳೆಗೂ ಇದೇ ಮಾತು. ರೇಸಿನ ದಿನ ಬಳೆ ತೆಗೆಸಿ ಎಂದು ತಾಯಂದಿರಿಗೆ ನಾನು ಪ್ರತಿ ಸಲ ಹೇಳುತ್ತೇನೆ.

ಬೆಲ್ಟ್ ಹರಿದ ಮೇಲೆ ಕಂಪನಿಯದೇ ಹುಡುಕುವ ಬದಲು ಒಂದೇ ಉದ್ದ ಪಟ್ಟಿಯ ನೈಲಾನ್ ಬೆಲ್ಟ್ ಹಾಕಿಸಿ. ಅದು ಬೆಲ್ಟ್ ಹಿಡಿದಿಡುವ ಎರಡೂ ಕಡೆಯ ಪಿನ್ನಿನ ಸಂದಿಯಲ್ಲಿ ತೂರಿ ವಾಚಿನ ಅಡಿಯಿಂದ ಹಾದುಹೋಗುತ್ತದೆ. ಒಂದು ಕಡೆ ಪಿನ್ನು ಹಾರಿದರೂ ವಾಚ್ ಇನ್ನೊಂದು ಪಿನ್ನಿನಲ್ಲಿ ನೇತಾಡುತ್ತದೆ, ರಸ್ತೆಗೆ ಬೀಳುವುದಿಲ್ಲ. ರೋಡ್ ಹಂಪ್ ಮೇಲೆ ಹಾರಿದಾಗ ಪಿನ್ನು ಸಿಡಿದು ವಾಚ್ ಕಬ್ಬಿನ ಹೊಲಕ್ಕೆ ಬಿದ್ದು, ಇಡೀ ತಂಡ ಸೈಕಲ್ ನಿಲ್ಲಿಸಿ ಹುಡುಕಿದ್ದೂ ಉಂಟು.

ರೇಸ್ ಸೈಕಲಿನ ಬಾಗಿದ ಹ್ಯಾಂಡಲ್ ಹಿಡಿದಾಗ ವಾಚಿನ ಮುಖ ಹೊರಗಡೆ ತಿರುಗಿಕೊಳ್ಳುತ್ತದೆ. ಕೈ ತಿರುಗಿಸಿ ನೋಡಲು ಹೋದರೆ ಸೈಕಲ್ ಓಲುತ್ತದೆ, ಗುಂಪಿನಲ್ಲಿ ಅದು ಅಪಾಯ. ಅದಕ್ಕೆ ನಮ್ಮ ಮಕ್ಕಳು ವಾಚನ್ನು ಹ್ಯಾಂಡಲಿಗೇ ಕಟ್ಟುತ್ತಾರೆ. ಹಳೆಯ ಸೈಕಲ್ ಟ್ಯೂಬಿನ ಚೂರನ್ನು ಹ್ಯಾಂಡಲ್ ಸುತ್ತ ಎರಡು ಮೂರು ಸುತ್ತು ಬಿಗಿಯಾಗಿ ಸುತ್ತಿ, ಅದರ ಮೇಲೆ ಬೆಲ್ಟ್ ಹಾಕಿದರೆ ವಾಚ್ ಜಾರುವುದಿಲ್ಲ, ತಿರುಗುವುದಿಲ್ಲ. ಕಣ್ಣು ಕೆಳಗಿಳಿಸಿದರೆ ಟೈಮ್ ಎದುರಿಗೆ. ಈ ಉಪಾಯ ಒಬ್ಬ ಹುಡುಗ ಕಂಡುಕೊಂಡದ್ದು, ಈಗ ಎಲ್ಲರದೂ ಹಾಗೇ.

ಬೆಂಗಳೂರು, ಮೈಸೂರು, ಹುಬ್ಬಳ್ಳಿ ಕಡೆ ಬ್ರೆವೆ, ಅಂದರೆ ಗಡುವಿನೊಳಗೆ ಮುಗಿಸಬೇಕಾದ ದೂರದ ಸವಾರಿ, ತುಳಿಯುವ ದೊಡ್ಡವರಿಗೂ ಈ ವಾಚ್ ಕೆಲಸಕ್ಕೆ ಬರುತ್ತದೆ. 200 ಕಿಲೋಮೀಟರಿಗೆ ಹದಿಮೂರೂವರೆ ತಾಸು, 600ಕ್ಕೆ ನಲವತ್ತು ತಾಸು ಗಡುವು. ಎರಡನೇ ರಾತ್ರಿ ಫೋನಿನ ಚಾರ್ಜ್ ಮುಗಿದರೂ ಕೈಯಲ್ಲಿನ ಸಾದಾ ವಾಚ್ ದಾರಿಯಲ್ಲಿ ಹಾಜರಿ ಹಾಕಿಸಬೇಕಾದ ಮುಂದಿನ ಠಾಣೆ ಮುಚ್ಚಲು ಎಷ್ಟು ಹೊತ್ತಿದೆ ಎಂದು ಹೇಳುತ್ತದೆ.

ನನ್ನ ಬೇಡಿಕೆ ಒಂದೇ. ನಮ್ಮ ಸರ್ಕಾರ 2006-07ರಿಂದ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡುತ್ತಿತ್ತು. ಎಷ್ಟೋ ಮಕ್ಕಳು ರೇಸಿಗೆ ಬಂದದ್ದೇ ಆ ಸೈಕಲ್ ಹತ್ತಿ. ಕೊರೊನಾ ಬಂದ ಮೇಲೆ ಅದು ನಿಂತಿತು. ಅದು ಮತ್ತೆ ಸಿಗಬೇಕು, ಅದು ಸರ್ಕಾರದ ಕೆಲಸ. ಜಾತ್ರೆಯ ಸೈಕಲ್ ಸ್ಪರ್ಧೆಗೆ ಬಹುಮಾನ ಕೊಡುವುದು ಮಾತ್ರ ನಮ್ಮ ಕೈಯಲ್ಲೇ ಇದೆ ಅಲ್ವಾ? ಈಗ ಮೊದಲ ಮೂವರಿಗೆ ನಗದು, ಜೊತೆಗೆ ದಾನಿಗಳ ಹೆಸರು ಬರೆಸಿದ ಆಳೆತ್ತರದ ಪ್ಲಾಸ್ಟಿಕ್ ಟ್ರೋಫಿ. ಆ ಟ್ರೋಫಿ ಇಡಲು ಎಷ್ಟೋ ಮನೆಗಳಲ್ಲಿ ಜಾಗವಿಲ್ಲ. ಅದೇ ದುಡ್ಡಿಗೆ ವಾಚ್ ಬರುತ್ತದೆ. ಮಕ್ಕಳ ವಿಭಾಗದಲ್ಲಿ ಟ್ರೋಫಿ ಬದಲು ವಾಚ್ ಕೊಡಿ. ಮೊದಲು ಬಂದವರಿಗಷ್ಟೇ ಅಲ್ಲ, ಹತ್ತನೆಯವರವರೆಗೂ ಕೊಡಿ. ಹತ್ತನೆಯವನಿಗೇ ಅದು ಹೆಚ್ಚು ಬೇಕು, ಅವನು ಇನ್ನೂ ಬೆಳೆಯಬೇಕಾದವನು. ಹುಡುಗಿಯರಿಗೆ ಕೊಡುವಾಗ ಬೆಲ್ಟಿನ ಕೊನೆಯ ತೂತು ಸಣ್ಣ ಕೈಗೆ ಸಾಲುತ್ತದೆಯಾ ಎಂದು ಅಂಗಡಿಯಲ್ಲೇ ಒಂದು ಮಗುವಿನ ಕೈಗೆ ಕಟ್ಟಿ ನೋಡಿ.

ನಮ್ಮ ಕಡೆಯ ಜಾತ್ರೆ ಕಮಿಟಿಗಳು ಬಹುಮಾನದ ಪಟ್ಟಿ ಮಾಡಲು ಇನ್ನೇನು ಸಭೆ ಸೇರುತ್ತವೆ. ಅದಕ್ಕೆ ಮೊದಲೇ ಈ ಪತ್ರವನ್ನು ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ,
ಒಬ್ಬ ದೈಹಿಕ ಶಿಕ್ಷಕಿ
ಜಮಖಂಡಿ ತಾಲೂಕು, ಬಾಗಲಕೋಟೆ ಜಿಲ್ಲೆ